ಹಲಸಿನ ಹಳದಿ ಸೀರೆ

ಅರಸೀಕೆರೆಯ ನಮ್ಮ ನಡುಮನೆಯ ಗೋಡೆಯ ಮೇಲೆ ನಾನು ಬೆನ್ನು ತಿರುಗಿಸಿ ಕೂತಿದ್ದೇನೆ. ಚಿತ್ರ ನೋಡಿದವರೆಲ್ಲ ಇದೇನ್ರೀ, ಮುಖವೇ ಇಲ್ಲ ಅನ್ನುತ್ತಾರೆ. ಹೇಗಿರುತ್ತೆ? ಆವತ್ತು ನಾನು ಮುನಿಸಿಕೊಂಡಿದ್ದೆ.

ಮದುವೆಯಾದ ಹೊಸತು. ಬೇಲೂರು, ಹಳೇಬೀಡು ತೋರಿಸುತ್ತೇನೆಂದು ಯಜಮಾನರು ಕರೆದುಕೊಂಡು ಹೊರಟಿದ್ದರು. ತೌರಿನವರು ಕೊಟ್ಟ ಹಳದಿ ಸೀರೆ ಉಟ್ಟಿದ್ದೆ. ಹಳೇಬೀಡಿನಲ್ಲಿ ಜನವೋ ಜನ. ಇವರಿಗೆ ಗದ್ದಲವೆಂದರೆ ಆಗದು. ಬೇಲೂರಿನ ಬಸ್ಸು ಹತ್ತುವುದು ಬಿಟ್ಟು ಹುಲಿಕೆರೆಗೆ ಕರೆದೊಯ್ದು, ಅಲ್ಲಿನ ಹಳೇ ಕೊಳದ ಪಾಚಿ ಮೆಟ್ಟಿಲ ಮೇಲೆ ಕೂರಿಸಿದರು. ಬೇಲೂರೂ ತಪ್ಪಿತು, ಸೀರೆಯೂ ಕೊಳೆಯಾಯಿತು. ಉರಿದುಬಿದ್ದೆ. ಸಂಜೆಯವರೆಗೂ ತಿರುಗಿ ನೋಡಲಿಲ್ಲ.

ಮರದ ಚೂರುಗಳಲ್ಲಿ ಚಿತ್ರ ಮಾಡುವ ಹುಚ್ಚು ಅವರಿಗೆ ಹಿಡಿದದ್ದು ಎಷ್ಟೋ ವರ್ಷದ ಮೇಲೆ, ರಿಟೈರಾಗುವ ಹೊತ್ತಿಗೆ. ಬಣ್ಣ ಹಚ್ಚುವಂತಿಲ್ಲ, ಮರಕ್ಕೆ ಹುಟ್ಟಿನಿಂದ ಬಂದ ಬಣ್ಣವೇ ಆಗಬೇಕು. ಸಾಮಿಲ್ಲಿನಿಂದ ತುಂಡುಗಳನ್ನು ಚೀಲದಲ್ಲಿ ಹೊತ್ತು ತರುವರು. ಸಣ್ಣ ಗರಗಸದಲ್ಲಿ ಕೊಯ್ಯುವುದು ಅವರ ಕೆಲಸ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಅಂಚು ದುಂಡಗೆ ಮಾಡುವುದು ನನ್ನದು. ಆಮೇಲೆ ಎಲ್ಲವನ್ನೂ ಹಲಗೆಯ ಮೇಲೆ ಒಂದರ ಪಕ್ಕ ಒಂದು ಕೂರಿಸಿ ಅಂಟಿಸುವುದು. ಮನೆಯೆಲ್ಲ ಹೊಟ್ಟು, ಅನ್ನದಲ್ಲೂ ಹೊಟ್ಟು. ಬೈದುಕೊಂಡೇ ಉಜ್ಜುತ್ತಿದ್ದೆ.

ಹುಲಿಕೆರೆಯ ಚಿತ್ರಕ್ಕೆ ಮೆಟ್ಟಿಲು ತೇಗ, ನೀರು ಗೆರೆಗೆರೆಯ ತೆಂಗು, ಜಡೆ ಬೀಟೆ, ನನ್ನ ತೋಳು ಬೇವು. ಬೇವೇ ಯಾಕೆ ಅಂದದ್ದಕ್ಕೆ, ಮೈಬಣ್ಣಕ್ಕೂ ಹೊಂದುತ್ತೆ, ಬಾಯಿಗೂ ಹೊಂದುತ್ತೆ ಅಂದರು. ಸೀರೆಗೆ ಹಗರೆಯಲ್ಲಿರುವ ನಾದಿನಿಯ ತೋಟದಲ್ಲಿ ಉರುಳಿದ್ದ ಹಲಸು. ಆ ತುಂಡನ್ನು ಮಾತ್ರ ನನಗೆ ಮುಟ್ಟಗೊಡಲಿಲ್ಲ. ತಾವೇ ಉಜ್ಜಿದರು. ಬಂದರೆ ತಾನೇ! ಸೆರಗಿನ ಹತ್ತಿರ ಹೆಬ್ಬೆರಳು ಒತ್ತಿ ಒತ್ತಿ ಹಳ್ಳ ಬಿತ್ತು. ನಾನು ನಕ್ಕೆ, ಅವರು ಹಾಗೇ ಅಂಟಿಸಿದರು.

ಆಗ ತಾನೇ ಕೊಯ್ದ ಹಲಸು ಅರಿಶಿನದಂತೆ ಹೊಳೆಯುತ್ತದೆ, ಬೆಳಕು ಬಿದ್ದು ಬಿದ್ದು ಕಂದಾಗುತ್ತದೆ. ನಮಗೇನು ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಹಲಸಿನ ಬಾಗಿಲು ದಾಟಿಕೊಂಡೇ ಓಡಾಡಿದವರು. ಆದರೂ ಆವತ್ತಿನ ಹಳದಿ ಕಂಡು ಇಬ್ಬರೂ ಮರುಳಾದೆವು. ಕೆಲವೇ ವರ್ಷದಲ್ಲಿ ಸೀರೆ ಕಪ್ಪಿಟ್ಟಿತು. ಹೋದ ವರ್ಷ ಅವರೂ ಹೋದರು.

ಮೊನ್ನೆ ತಿಥಿಯ ಕೆಲಸಕ್ಕೆಂದು ನಾದಿನಿ ಬಂದಿದ್ದಳು. ಬಂದವಳ ಕಣ್ಣು ಮೊದಲು ಬಿದ್ದದ್ದೇ ಗೋಡೆಯ ಮೇಲೆ.

"ಉಜ್ಜಿಬಿಡಿ ಅತ್ತಿಗೆ. ಅಣ್ಣ ನಿಮ್ಮನ್ನ ಹಳದಿ ಸೀರೇಲಿ ಕೂರ್ಸಿದ್ದು. ಈಗ ನೋಡಿ, ಕಾಫಿ ಡಿಕಾಕ್ಷನ್ನಲ್ಲಿ ಅದ್ದಿ ತೆಗ್ದಂಗೈತೆ."

ಅವಳು ಹೇಳಿದ್ದು ಸುಳ್ಳಲ್ಲ. ಮೇಲಿನ ಪದರ ಹೋದರೆ ಒಳಗೆ ಹಳದಿ ಇದ್ದೇ ಇರುತ್ತದೆ. ಆ ಹಳದಿಯನ್ನು ಒಂದೇ ಒಂದು ಸಲ ನೋಡಬೇಕೆಂಬ ಆಸೆ ನನಗೂ ಇತ್ತು. ಆದರೆ ಉಜ್ಜಿದರೆ ಹಳ್ಳ ಹೋಗುತ್ತದೆ. ಅವರ ಬಟ್ಟೆಬರೆ ಕೊಟ್ಟಾಯಿತು. ಅವರ ಕೈ ಇನ್ನೆಲ್ಲಿದೆ ನನಗೆ? ದಿನಾ ಕಸ ಗುಡಿಸುವಾಗ ಆ ಹಳ್ಳದಲ್ಲಿ ನನ್ನ ಹೆಬ್ಬೆರಳಿಟ್ಟು ಮುಂದೆ ಹೋಗುತ್ತೇನೆ. ಇದನ್ನೆಲ್ಲ ನಾದಿನಿಗೆ ಹೇಳಲು ನಾಚಿಕೆ.

ಹೇಳಲಾರದೆ ಚಿತ್ರ ಇಳಿಸಿ, ತೊಡೆಯ ಮೇಲಿಟ್ಟುಕೊಂಡು, ಹಳ್ಳದಿಂದ ದೂರದಲ್ಲಿ ಸೀರೆಯ ಅಂಚನ್ನು ಮೆಲ್ಲಗೆ ಉಜ್ಜಿದೆ. ಹಳದಿ ಇಣುಕಿತು. ಇನ್ನೊಂದು ಸಲ ಉಜ್ಜುವಷ್ಟರಲ್ಲಿ, ಹಳೇ ಅಂಟು ಬಿಟ್ಟು ಇಡೀ ತುಂಡೇ ಕೈಗೆ ಬಂತು.

ಹಿಂದೆ ತಿರುಗಿಸಿದೆ. ಬೆಳಕು ಕಾಣದ ಆ ಬೆನ್ನು ಮೊನ್ನೆ ಕೊಯ್ದಷ್ಟು ಹಳದಿಯಾಗಿತ್ತು. ಮರದ ನಾರು ಯಾವ ಕಡೆಗೆಂದು ಅವರು ಎಳೆದಿದ್ದ ಪೆನ್ಸಿಲ್ಲಿನ ಬಾಣವೂ ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವರು ಹೋದ ದಿನ ಬರದ ಅಳು ಅದು.

ನಾದಿನಿ ಕಣ್ಣೊರೆಸಿಕೊಂಡು, ಹಂಗಾರೆ ಮಗುಚಿ ಅಂಟಿಸಿಬಿಡಿ ಅಂದಳು. ಮಗುಚಿದರೆ ಎಡ ಬಲವಾಗುತ್ತದೆ, ತುಂಡು ತನ್ನ ಜಾಗದಲ್ಲಿ ಕೂರುವುದಿಲ್ಲ. ಅದನ್ನು ಹೇಳುವ ಬದಲು ಅವಳ ಕೈ ಹಿಡಿದು ಸೆರಗಿನ ಹಳ್ಳಕ್ಕೆ ಒಯ್ದೆ.

"ಹೆಬ್ಬೆರಳು ಇಡು ಇಲ್ಲಿ. ನಿಮ್ಮಣ್ಣಂದು ಕಣೇ."

ಇಟ್ಟಳು. ಉಜ್ಜುವ ಮಾತು ಮತ್ತೆ ಎತ್ತಲಿಲ್ಲ.

ಅಂಟು ತಂದು, ಕಂದು ನಮ್ಮ ಕಡೆಗೆ, ಹಳದಿ ಗೋಡೆಯ ಕಡೆಗೆ ಮಾಡಿ ತುಂಡನ್ನು ಮತ್ತೆ ಕೂರಿಸಿದೆ. ಅಂಟು ಒಣಗುವವರೆಗೆ ಒತ್ತಿ ಹಿಡಿದಿರಬೇಕು. ಹಳ್ಳದಲ್ಲಿ ಹೆಬ್ಬೆರಳಿಟ್ಟು ಒತ್ತಿ ಹಿಡಿದೆ. ಒಣಗಿದ ಮೇಲೂ ತೆಗೆಯಲಿಲ್ಲ.