ಬಚ್ಚಲಿಗೆ ದೇವರ ಕೋಣೆಯ ಬಾಗಿಲು

ಕಂಡಕ್ಟರ್ ಕಾಕಾನ ಎಡಗೈ ಬೆರಳುಗಳು ಒಂದಕ್ಕೊಂದು ಪೂರ್ತಿ ಕೂಡುತ್ತಿರಲಿಲ್ಲ. ನೋಟುಗಳನ್ನು ಉದ್ದಕ್ಕೆ ಮಡಿಸಿ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬಸ್ಸಿನೊಳಗೆ ತಿರುಗಾಡಿದ ಕೈ ಅದು. ನಿವೃತ್ತಿಯಾಗಿ ಸುಮ್ಮನೆ ಕೂತಾಗಲೂ ಆ ಸಂದಿಗಳು ಹಾಗೇ ಇರುತ್ತಿದ್ದವು, ಈಗ ಯಾರಾದರೂ ಬಂದು ಚಿಲ್ಲರೆ ಕೇಳುತ್ತಾರೆ ಎಂಬಂತೆ. ಆ ಕೈ ನನ್ನ ಅಪ್ಪನ ರಟ್ಟೆ ಹಿಡಿದಿರುವುದನ್ನು ಕಂಡಾಗಲೆಲ್ಲ ನನಗೆ ಒಳಗೆ ಏನೋ ಉರಿಯುತ್ತಿತ್ತು. ಅದಕ್ಕೊಂದು ಮರ್ಯಾದೆಯ ಹೆಸರು ಹುಡುಕಿ ಸೋತಿದ್ದೇನೆ. ಹೊಟ್ಟೆಕಿಚ್ಚು ಎಂದೇ ಬರೆಯುತ್ತೇನೆ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಬಾದಾಮಿಯಲ್ಲಿ ನಮ್ಮ ಮನೆಗೆ ಎರಡು ಓಣಿ ಆಚೆ ಅವರ ಮನೆ. ಅಪ್ಪ, ಅವರು ಕೂಡಿ ಬೆಳೆದವರು. ಮುಂದೆ ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾದರು, ಅವರು ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಆದರು. ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ. ದವಾಖಾನೆಯಲ್ಲಿ ರೋಗಿಯ ಕಿವಿಯಲ್ಲಿ ಗುಟ್ಟು ಹೇಳಿದರೂ ಹಿಂದಿನ ಸೀಟಿನವರೆಗೆ ಕೇಳಬೇಕು. ಯಾವ ವಿಷಯದಲ್ಲೂ ತಮಗೆ ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿಲ್ಲ. ಅರ್ಧಕ್ಕರ್ಧ ತಪ್ಪೇ ಹೇಳುತ್ತಿದ್ದರು. ಆದರೂ ನಮ್ಮ ಮನೆಯಲ್ಲಿ ಅವರ ಮಾತೇ ನಡೆಯುತ್ತಿತ್ತು. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ನನ್ನ ಮಾತಿಗೆ ಅಪ್ಪ ತಲೆಯಾಡಿಸಿ, "ಛಲೋ ಐತಿ. ಅವ ಬರ್ಲಿ, ಕೇಳೂಣು" ಎನ್ನುತ್ತಿದ್ದರು.

ಅವ್ವ ತೀರಿಕೊಂಡ ಮೇಲೆ ಅಪ್ಪನ ಕೈನಡುಕ ಹೆಚ್ಚಾಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು. ಅವ್ವನ ಮಾತನ್ನು ಅವರು ನನ್ನೆದುರು ಎತ್ತುವುದೇ ನಿಂತುಹೋಯಿತು.

ಒಂದು ಬೆಳಿಗ್ಗೆ ಹಿತ್ತಲ ಬಚ್ಚಲಲ್ಲಿ ಬಕೀಟು ಉರುಳಿದ ಸಪ್ಪಳವಾಯಿತು. ಓಡಿದೆ. ಅಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಪೆಟ್ಟಾಗಿರಲಿಲ್ಲ. ನಾನು ಒಳಗೆ ಕಾಲಿಟ್ಟದ್ದೇ ನಡುಗುವ ಕೈಯಿಂದ ಟವೆಲ್ ಎಳೆದು ತೊಡೆಯ ಮೇಲೆ ಹಾಕಿಕೊಂಡರು.

"ಹೊರಗ ನಿಂದ್ರು."

"ಎಬ್ಬಸ್ತೇನ್ರಿ ಅಪ್ಪಾ, ಕೈ ಕೊಡ್ರಿ."

"ಅವನ್ನ ಕರಿ."

ಫೋನ್ ಮಾಡಿದೆ. ಕಾಕಾ ಬರುವವರೆಗೆ ಅಪ್ಪ ಆ ಒದ್ದೆ ಕಲ್ಲಿನ ಮೇಲೇ ಕೂತಿದ್ದರು. ನಾನು ಹೊರಗೆ ಗೋಡೆ ನೋಡುತ್ತ ನಿಂತಿದ್ದೆ. ಕಾಕಾ ಬನಿಯನ್ನಿನಲ್ಲೇ ಬಂದು, ನನ್ನನ್ನು ಬಾಗಿಲಿಂದ ಸರಿಸಿ, "ಏನಲೇ ಮಾಸ್ತರ, ಸೀಟ್ ಸಿಗಲಿಲ್ಲಂತ ನೆಲದ ಮ್ಯಾಲ ಕುಂತೀಯೇನ?" ಎಂದರು. ಒಳಗೆ ಅಪ್ಪ ನಕ್ಕದ್ದು ಕೇಳಿಸಿತು.

ಹೋಗುವಾಗ ಕಾಕಾ ನನ್ನ ಹೆಗಲ ಮೇಲೆ ಕೈ ಇಟ್ಟರು. "ತಮ್ಮಾ, ಮನಸಿಗೆ ಹಚ್ಗೋಬ್ಯಾಡ. ನಾವಿಬ್ರೂ ಚಡ್ಡಿ ಇಲ್ದ ಕೆರ್ಯಾಗ ಈಸಾಕ ಕಲ್ತಾವ್ರು. ಮಗನ ಮುಂದ ಅಪ್ಪಗ ನಾಚಿಕಿ ಇರತೈತಿ." ಸಮಾಧಾನ ಹೇಳಲಿಕ್ಕೇ ಅಂದದ್ದು. ಅದರಿಂದಲೇ ಇನ್ನಷ್ಟು ಉರಿಯಿತು. ನನಗೆ ಬೇಕಾಗಿದ್ದದ್ದು ಬಹಳವಲ್ಲ. ಅಪ್ಪ ಬಿದ್ದರೆ ನನ್ನ ಕೈ ಹಿಡಿದು ಏಳಬೇಕು, ಅಷ್ಟೇ.

ಆಮೇಲೆ ಪಡಸಾಲೆಯ ಮೂಲೆಯಲ್ಲಿ, ಅಪ್ಪನ ಕೋಣೆಗೆ ಹತ್ತಿಕೊಂಡೇ, ಒಂದು ಪುಟ್ಟ ಬಚ್ಚಲು ಕಟ್ಟಿಸಿದೆ. ಒಬ್ಬರು ಕೂತು ನೀರು ಹಾಕಿಕೊಂಡರೆ ಎರಡೂ ಮೊಣಕೈ ಗೋಡೆಗೆ ತಗಲುವಷ್ಟು ಜಾಗ. ಜಾರದ ನೆಲ, ಹಿಡಿದುಕೊಳ್ಳಲು ಗೋಡೆಗೆ ಸರಳು, ಕೂರಲು ಕುರ್ಚಿ. ಉಳಿದದ್ದು ಬಾಗಿಲು. ಅದರ ಬಗ್ಗೆ ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ಫೈಬರ್ ಬಾಗಿಲು, ನೀರಿಗೆ ಹೆದರದ್ದು, ಹೊರಕ್ಕೆ ತೆರೆಯುವಂಥದ್ದು, ಒಳಗೆ ಚಿಲಕ ಹಾಕಿಕೊಂಡರೂ ಹೊರಗಿನಿಂದ ತೆಗೆಯಲು ಬರುವಂಥದ್ದು. ಅಂಥ ಬಾಗಿಲಿದ್ದರೆ ಅಪ್ಪ ಯಾರ ಹಂಗಿಲ್ಲದೆ ಸ್ನಾನ ಮಾಡಬಹುದು. ಯಾರ ಹಂಗೂ ಇಲ್ಲವೆಂದರೆ ಕಾಕಾನ ಹಂಗೂ ಇಲ್ಲ. ಆಗಲೇ ಹೀಗೆ ಲೆಕ್ಕ ಹಾಕಿದ್ದೆನೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ, ಹೇಳಲಾರೆ. ನನ್ನ ದಿನಚರಿಯಲ್ಲಿ ಆ ದಿನ "ಬಾಗಿಲು ತಂದೆವು" ಎಂದಷ್ಟೇ ಇದೆ.

ತರಲು ಮೂವರೂ ಬಾಗಲಕೋಟೆಗೆ ಹೋದೆವು. ಅಂಗಡಿಯಲ್ಲಿ ಗೋಡೆಯಿಂದ ಒಂದಾಳು ಜಾಗ ಬಿಟ್ಟು ಬಾಗಿಲುಗಳನ್ನು ಚೌಕಟ್ಟಿನ ಸಮೇತ ನಿಲ್ಲಿಸಿದ್ದರು. ನಾನು ಫೈಬರ್ ಬಾಗಿಲು ತೋರಿಸಿದೆ. ಕಾಕಾ ಅದನ್ನು ಬೆರಳಿನಿಂದ ಕುಟ್ಟಿ ನೋಡಿದರು.

"ಇದ್ಯಾತರ ಬಾಗಲಾಲೇ? ಔಷಧಿ ಡಬ್ಬಿ ಮುಚ್ಚಳ ಇದ್ದಂಗೈತಿ."

"ಕಾಕಾ, ನೀರು ಬಿದ್ರ ಏನೂ ಆಗೂದಿಲ್ಲ ಇದಕ್ಕ."

"ತಮ್ಮಾ, ಜೀವಮಾನ ಬಾಗಲದಾಗ ನಿಂತು ಪಗಾರ ತಗೊಂಡಾಂವ ನಾ. ನನಗ ಬಾಗಲಾ ಕಲಸ್ತೀಯೇನ? ನೋಡು ಈಗ."

ಪಕ್ಕದ ಅಂಗಡಿಯಿಂದ ಒಂದು ಬಕೀಟು ಕೇಳಿ ತಂದರು. ಹೆಗಲಿಗೆ ತಮ್ಮದೇ ಟವೆಲ್. ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದೊಂದು ಬಾಗಿಲನ್ನೂ ತೆರೆದು ಒಳಗೆ ಹೋಗುವುದು, ಇಲ್ಲದ ನೀರನ್ನು ತಲೆಗೆ ಸುರಿದುಕೊಳ್ಳುವುದು, ಕಣ್ಣಿಗೆ ಸಾಬೂನು ಹತ್ತಿದವರಂತೆ ತಡವರಿಸಿ ಚಿಲಕ ಹುಡುಕುವುದು. ಸರಿಸುವ ಬಾಗಿಲಿನ ಸಂದಿಯಲ್ಲಿ ಬೆರಳು ಸಿಕ್ಕಿತೆಂದು ಚೀರಿದರು. ಅಂಗಡಿಯ ಹುಡುಗರೆಲ್ಲ ಕೆಲಸ ಬಿಟ್ಟು ನಿಂತರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವ್ವ ಹೋದ ಮೇಲೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನೋಡಿ ಸಂತೋಷವಾಯಿತು ಎಂದು ಬರೆಯಬೇಕು. ಆಗಲಿಲ್ಲ.

ಕೊನೆಗೆ ಕಾಕಾ ಮೂಲೆಯಲ್ಲಿ ಒಂದು ಜೋಡಿ ಕದ ಕಂಡರು. ಕಟ್ಟಿಗೆಯದು, ಇಷ್ಟಿಷ್ಟೇ ಅಗಲದ ಎರಡು ಕದ, ಮೇಲ್ಭಾಗದಲ್ಲಿ ಸಾಲಾಗಿ ತೆರೆದ ಸಣ್ಣ ಚೌಕಗಳು.

"ಇದ ಛಲೋ. ಎರಡು ಕದ ಅಂದ್ರ ಒಳಗ ಇದ್ದಾಂವಗ ಬಡಿಯೂದಿಲ್ಲ, ಹೊರಗ ಹಾದಿಗಿ ಅಡ್ಡ ಆಗೂದಿಲ್ಲ."

ಅಂಗಡಿಯವರು ಗಾಬರಿಯಾದರು. "ಯಜಮಾನ್ರ, ಅದು ದೇವರ ಖೋಲಿ ಬಾಗಲಾರೀ! ಆ ಚೌಕದಾಗ ಗಂಟಿ ಕಟ್ಟತಾರ್ರಿ."

"ದೇವರೂ ಜಳಕಾ ಮಾಡ್ತಾನಲ್ಲೋ."

"ಕಟ್ಟಿಗಿ ನೀರಿಗೆ ಉಬ್ಬತೈತ್ರಿ. ಸರ್ ಹೇಳಿದ್ದ ಖರೆ ಐತಿ, ಫೈಬರ್ ಒಯ್ರಿ."

"ಉಬ್ಬಲಿ. ಇಳಕಲ್ಲಿಂದ ಗ್ರಾನೈಟ್ ಚೌಕಟ್ಟು ತರಸ್ತೇನಿ. ಕಲ್ಲು ಉಬ್ಬೂದಿಲ್ಲ. ಕಟ್ಟಿಗಿ ಉಬ್ಬಾಕ ಹೋದ್ರೂ ಕಲ್ಲು ಬಿಡೂದಿಲ್ಲ, ಹಿಡಕೊಳ್ತೈತಿ."

ಈ ತರ್ಕಕ್ಕೆ ಅಂಗಡಿಯವರು ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. "ಆ ಚೌಕದಾಗಿಂದ ಒಳಗ ಕಾಣೂದಿಲ್ಲೇನ್ರಿ?" ಎಂದು ಕೇಳಿದೆ.

"ನಿಮ್ಮಪ್ಪನ್ನ ನೋಡಾಕ ಯಾರ್ ಸಾಲಾಗಿ ನಿಂತಾರೋ?" ಎಂದರು ಕಾಕಾ.

ಅಪ್ಪ ಕಣ್ಣೊರೆಸಿಕೊಂಡು, "ಅವ ಹೇಳಿದ್ದ ತಗೋ" ಎಂದರು.

ಮೊದಲ ಮಳೆಗಾಲಕ್ಕೇ ಕದಗಳು ಉಬ್ಬಿದವು. ಕಲ್ಲಿನ ಚೌಕಟ್ಟು ಒಂದಿಷ್ಟೂ ಜಾಗ ಬಿಡಲಿಲ್ಲ. ಒಂದು ಕದದ ಅಂಚು ಇನ್ನೊಂದಕ್ಕೆ ತಾಗಿ, ಎರಡೂ ಕೂಡಿ ಮುಚ್ಚದಾದವು; ಒತ್ತಿ ಹಿಡಿಯದಿದ್ದರೆ ನಡುವೆ ಕೈ ತೂರುವಷ್ಟು ಸಂದಿ. ನಾನು ಇದಕ್ಕೇ ಕಾದಿದ್ದೆ.

"ಕಾಕಾ, ಕಟ್ಟಿಗಿ ಉಬ್ಬೇತಿ ನೋಡ್ರಿ."

"ಉಬ್ಬಲಿ ಬಿಡೋ. ನಿನ್ನ ಮಾರೀನೂ ಉಬ್ಬೇತಿ. ಅದನ್ನೇನ ಮಾಡೂಣು?"

ಒಳಗಿದ್ದ ನನ್ನ ಹೆಂಡತಿ ಫಕ್ಕನೆ ನಕ್ಕುಬಿಟ್ಟಳು.

ಬಡಿಗನನ್ನು ಕರೆಸಿ ಅಂಚು ಕೆತ್ತಿಸುತ್ತೇನೆಂದರೆ ಅಪ್ಪ ಒಪ್ಪಲಿಲ್ಲ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಕಾಕಾ ಬರುವುದು, ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು, ಎರಡೂ ಕದಕ್ಕೆ ಬೆನ್ನು ಒತ್ತಿ ಮುಚ್ಚಿಕೊಂಡು ಕೂರುವುದು ರೂಢಿಯಾಯಿತು. ಬಾಗಿಲಿಗೆ ಚಿಲಕ ಅವರೇ. ಆ ಚೌಕಗಳ ಮೂಲಕ ಇಬ್ಬರ ಮಾತು ಒಳಗೂ ಹೊರಗೂ ಓಡಾಡುತ್ತಿತ್ತು. ನಾನು ಕಾಲೇಜಿಗೆ ಹೊರಡುತ್ತ, ಚಹಾ ಕುಡಿಯುತ್ತ, ಕೇಳಿಸಿಕೊಳ್ಳುತ್ತಿದ್ದೆ.

"ಬೆನ್ನ ತಿಕ್ಕಾಕ ಬರ್ಲೇನಲೇ?"

"ತಡಿ, ಇನ್ನೂ ಕಾಲ ಆಗಿಲ್ಲ."

"ಕಾಲಿಗಿ ಇಷ್ಟ ಹೊತ್ತಾದ್ರ ಬೆನ್ನ ಮುಟ್ಟೂದು ಯಾವಾಗ? ಊರಿಂದ ಊರಿಗೆ ಬಸ್ ಹೋಗಿ ತಿರುಗಿ ಬರ್ತಿತ್ತು."

ಹೊರಗೆ ಕರೆತರುವಾಗ ಬಸ್ಸು ಹಿಂದಕ್ಕೆ ತೆಗೆಸುವವರ ಹಾಗೆ, "ಬರ್ಲಿ, ಬರ್ಲಿ, ಎಡಕ್ಕ... ಹೋಲ್ಡಾನ್!" ಎನ್ನುತ್ತಿದ್ದರು. ಅಪ್ಪ ಹೇಳಿದಂತೆ ನಿಲ್ಲುತ್ತಿದ್ದರು. ನಾನು ಅದೇ ಕೆಲಸಕ್ಕೆ ಕೈ ಚಾಚಿದ್ದರೆ, "ನಾ ಬರ್ತೇನಿ, ನೀ ಸರಿ" ಎನ್ನುತ್ತಿದ್ದರು.

ಬಾಗಿಲು ಮುಚ್ಚಲಾರದು ಎಂಬುದು ಗೊತ್ತಿದ್ದೇ ಕಾಕಾ ಅದನ್ನು ಆರಿಸಿದರು ಎಂದು ನನ್ನ ಹೆಂಡತಿ ನಂಬಿದ್ದಾಳೆ. ಮಾವ ಒಬ್ಬರೇ ಒಳಗೆ ಬೀಗ ಹಾಕಿಕೊಂಡಂತೆ ಇರಬಾರದೆಂದು ಹಾಗೆ ಮಾಡಿದರಂತೆ. ನನಗೆ ಹಾಗನಿಸುವುದಿಲ್ಲ. ಕಾಕಾ ಹಟಮಾರಿ, ಬಾಗಿಲಿನ ವಿಷಯದಲ್ಲಿ ಪೂರ್ತಿ ತಪ್ಪಿದರು, ತಪ್ಪಿದ್ದಕ್ಕೆ ತಮ್ಮ ಬೆನ್ನು ಕೊಟ್ಟು ಕೂತರು. ಅಷ್ಟೇ. ಆದರೆ ಹೀಗೆ ಅಂದುಕೊಳ್ಳುವುದು ನನ್ನ ಹೊಟ್ಟೆಕಿಚ್ಚಿಗೆ ಅನುಕೂಲವಾಗಿದೆ ಎಂಬುದೂ ನನಗೆ ಗೊತ್ತು. ಜಾಣರಾಗಿದ್ದು ಗೆದ್ದಿದ್ದರೆ ಒಪ್ಪಿಕೊಳ್ಳಬಹುದಿತ್ತು. ತಪ್ಪು ಬಾಗಿಲು ತಂದು ಗೆದ್ದರು.

ಒಂದು ಬೆಳಿಗ್ಗೆ ಕಾಕಾ ಬರಲಿಲ್ಲ. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಾದಿದ್ದರು. ಕಾಕಾನ ಸೊಸೆಯ ಫೋನ್ ನನಗೆ ಬಂತು. ಚಹಾ ಕುಡಿದು, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಏಳಲಿಲ್ಲವಂತೆ. ಹೇಗೆ ಹೇಳಿದೆನೋ ನೆನಪಿಲ್ಲ. ಅಪ್ಪ ಟವೆಲ್ ತೆಗೆದು ಮಡಿಸತೊಡಗಿದರು. ಆ ಕೈಗಳಿಗೆ ಅದು ಬಹಳ ಹೊತ್ತಿನ ಕೆಲಸ. ನಾನು ಕೈ ಹಾಕಲಿಲ್ಲ.

ಕಾಕಾನ ಮಣ್ಣಿಗೆ ಹೋದೆವು. ನಾನು ಹೆಗಲು ಕೊಟ್ಟೆ. ತಿರುಗಿ ಬಂದಾಗ ಹೊತ್ತು ಇಳಿದಿತ್ತು. ಮಣ್ಣಿಗೆ ಹೋಗಿ ಬಂದವರು ಸ್ನಾನವಾಗದೆ ಮನೆಯಲ್ಲಿ ಕೂರುವುದಿಲ್ಲ, ಬಾಯಿಗೆ ನೀರೂ ಹಾಕಿಕೊಳ್ಳುವುದಿಲ್ಲ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತರು, ಏಳಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ.

"ಮಾವಾರ, ನೀರು ಕಾದಾವ್ರಿ," ಎಂದು ಹೆಂಡತಿ ಬಾಗಿಲಿಗೆ ಬಂದು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು.

ಎದುರು ಮನೆಯವರು ತಾಳದೆ, "ಮಾಸ್ತರ, ನಿಮ್ಮ ಪ್ರಕೃತಿ ಬ್ಯಾರೆ ಬರೋಬ್ಬರಿಲ್ಲ. ಒಂದು ಚರಗಿ ನೀರು ಕಾಲ ಮ್ಯಾಲ ಹಾಕ್ಕೊಂಡು ಒಳಗ ನಡೀರಿ, ನಡಿತೈತಿ," ಎಂದರು.

"ಅವನ ಮಣ್ಣಿಗಿ ಹೋಗಿ ಬಂದೇನಿ," ಎಂದರು ಅಪ್ಪ. "ಕಾಲ ತೊಳಕೊಂಡ್ರ ಮುಗೀತೇನು?"

ಅವರು ತಮ್ಮ ಮನೆಗೆ ಹೋದರು. ನಾನು ಕಟ್ಟೆಯ ಕೆಳಗೆ ನಿಂತಿದ್ದೆ. ಇಲ್ಲ ಅನ್ನಿಸಿಕೊಳ್ಳಲು ಸಿದ್ಧನಾಗಿಯೇ ಕೇಳಿದೆ.

"ನಾ ಬರ್ಲೇನ್ರಿ ಅಪ್ಪಾ?"

ಅಪ್ಪ ನನ್ನನ್ನು ನೋಡಿದರು. ನನ್ನ ಅಂಗಿಯ ಹೆಗಲಿಗೆ ಮಣ್ಣು, ಕುಂಕುಮ ಹತ್ತಿತ್ತು.

"ನೀನೂ ಹೆಗಲ ಕೊಟ್ಟಿ, ಅಲ್ಲ?"

"ಹೂಂನ್ರಿ."

"ಅಂದ್ರ ನಿಂದೂ ಜಳಕಾ ಆಗಬೇಕು."

"ಆಗಬೇಕ್ರಿ."

"ಮತ್ತ ನಿಂತೀಯಲ್ಲ, ನಡಿ."

ಕೈ ಚಾಚಿದರು. ಹಿಡಿದೆ. ಎಬ್ಬಿಸಿದೆ.

ಒಬ್ಬರಿಗೇ ಸಾಲದ ಬಚ್ಚಲಲ್ಲಿ ಇಬ್ಬರೂ ಪಂಚೆಯಲ್ಲಿ ನಿಂತೆವು. ಬಾಗಿಲು ಮುಚ್ಚಲಿಲ್ಲ. ಹೊರಗೆ ಕೂರುವವರು ಇರಲಿಲ್ಲವಾದ್ದರಿಂದ ಒಳಗಿನಿಂದ ಒಂದು ಕೈಯಲ್ಲಿ ಕದಗಳನ್ನು ಎಳೆದು ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಅಪ್ಪನ ತಲೆಗೆ ನೀರು ಹಾಕಿದೆ. ಅವರು ಅಳುತ್ತಿದ್ದರೋ ಏನೋ. ಮುಖದ ಮೇಲೆ ನೀರಿತ್ತು. ಗೊತ್ತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ತಮ್ಮದು ಮುಗಿದ ಮೇಲೆ ಚರಗಿ ಇಸಿದುಕೊಂಡು, "ಬಗ್ಗು," ಎಂದರು. ಬಗ್ಗಿದೆ. ನಡುಗುವ ಕೈ. ಅರ್ಧ ನೀರು ಗೋಡೆಗೆ ಹೋಯಿತು, ಅರ್ಧ ನನ್ನ ತಲೆಗೆ ಬಂತು. ಇನ್ನೊಂದು ಚರಗಿ ಹಾಕಿದರು. ಸಾಕ್ರಿ ಎಂದು ನಾನು ಹೇಳಲಿಲ್ಲ.

ಮರುದಿನದಿಂದ ಆ ಕೆಲಸ ನನ್ನದು. ಬೇಕೆಂದದ್ದು ಸಿಕ್ಕಿತು. ಆದರೆ ಕಾಕಾ ಇದ್ದಾಗ ಆ ಪುಟ್ಟ ಕೋಣೆಯಿಂದ ಓಣಿಯವರೆಗೆ ಕೇಳುತ್ತಿದ್ದ ಮಾತು ನಮ್ಮಿಬ್ಬರ ನಡುವೆ ಹುಟ್ಟಲಿಲ್ಲ. ಕಾಲೇಜಿನ ಸುದ್ದಿ ಹೇಳಿದೆ, ಹೂಂ ಎಂದರು. ಮಳೆ, ಔಷಧ, ಮೊಮ್ಮಗಳ ಪರೀಕ್ಷೆ; ಎಲ್ಲಕ್ಕೂ ಹೂಂ. ಬರೀ ನೀರಿನ ಸಪ್ಪಳ. ಬಹಳ ದಿನ ಹೀಗೇ ಹೋದ ಮೇಲೆ, ಒಂದು ಬೆಳಿಗ್ಗೆ, ಮನಸ್ಸಿಲ್ಲದ ಮನಸ್ಸಿನಿಂದ ಕೇಳಿದೆ: "ಕಾಕಾ ಬಸ್ಸಿನ್ಯಾಗ ನಿಮಗ ಪುಕ್ಕಟೆ ಬಿಡ್ತಿದ್ರೇನ್ರಿ?"

"ಪುಕ್ಕಟೆ? ಅವಾ?" ಅಪ್ಪ ತಲೆ ಎತ್ತಿದರು. "ಲಗ್ನಾದ ಹೊಸದಾಗ ನಿಮ್ಮವ್ವನ್ನ ಕರಕೊಂಡು ಇಳಕಲ್ಲಿಗಿ ಹೊಂಟಿದ್ನಿ, ಸೀರಿ ತರಾಕ. ಅವಂದ ಬಸ್ಸು. ನಿಮ್ಮವ್ವನ ಟಿಕೆಟ್ ತನ್ನ ಕಿಸೆದಾಗಿಂದ ತಗದಾ. ನನಗ, 'ನಿಂದು ನೀ ತಗೋಲೇ, ಪಗಾರ ಬರತೈತಲ್ಲ' ಅಂದಾ. ಬಸ್ ತುಂಬ ಮಂದಿ ನಕ್ರು."

ಅಪ್ಪನೂ ನಗುತ್ತಿದ್ದರು. ನಾನು ನೀರು ಹಾಕುವುದನ್ನು ಮರೆತು ನಿಂತಿದ್ದೆ. ಎಷ್ಟೋ ಕಾಲದ ಮೇಲೆ ಅವರ ಬಾಯಲ್ಲಿ ಅವ್ವ ಬಂದಿದ್ದಳು, ಅದೂ ಕಾಕಾನ ಬಸ್ಸು ಹತ್ತಿಕೊಂಡು. ಈಗ ದಿನಾ ಬೆಳಿಗ್ಗೆ ಕಾಕಾನ ಸುದ್ದಿಯನ್ನೇ ಕೇಳುತ್ತೇನೆ. ಹೊಟ್ಟೆಕಿಚ್ಚು ಹೋಗಿಲ್ಲ. ಕೇಳದೆ ಇರುವುದೂ ಆಗುತ್ತಿಲ್ಲ.

"ಆಗ ಅವ್ವ ಏನಂದ್ಲ್ರಿ?" ಎಂದು ಆ ಬೆಳಿಗ್ಗೆ ಕೇಳಿದೆ.

"ನೀರು ಹಾಕು ಮೊದ್ಲ," ಎಂದರು ಅಪ್ಪ. "ಹೇಳ್ತೇನಿ."