ದೇವೀರಕ್ಕನ ಕೊಕ್ಕರೆ ಗೋಡು

ಒಳ್ಳೆಯದಾಗಲಿ ಅಂತ ಒಂದು ಜಾಗವನ್ನು ಹೊಗಳಿ, ಆ ಹೊಗಳಿಕೆಯಿಂದಲೇ ಅದನ್ನು ಮುಗಿಸಿದ್ದು ನಿಮಗೆ ಯಾವತ್ತಾದರೂ ಆಗಿದೆಯಾ? ನನಗೆ ಆಗಿದೆ. ಜಾಗದ ಜೊತೆ ಒಬ್ಬ ಹೆಂಗಸಿನ ನೆಮ್ಮದಿಯನ್ನೂ ಮುಗಿಸಿದೆ.

ದೇವೀರಕ್ಕ ಮಣ್ಣನ್ನು ಮೂಸುತ್ತಿದ್ದರು. ನಾವು ಕಾಫಿಪುಡಿ ಮೂಸುತ್ತೇವಲ್ಲ, ಹಾಗೆ. ರಾವಂದೂರಿನ ಹತ್ತಿರದ ನಮ್ಮೂರಲ್ಲಿ ಹೊಗೆಸೊಪ್ಪಿನ ಸಸಿ ಅಂದರೆ ದೇವೀರಕ್ಕನ ಸಸಿಮಡಿಯದೇ ಆಗಬೇಕು. ಬೇರೆಯವರ ಸಸಿ ಹಳದಿ ತಿರುಗಿ ಮುದುರಿದಾಗಲೂ ಅವರದು ಕಡುಹಸಿರು. ಮೂಗಿನ ತುದಿಗೆ ಮಣ್ಣು ಮೆತ್ತಿಕೊಂಡೇ ಓಡಾಡುತ್ತಿದ್ದರು. ನಾನು ನಕ್ಕರೆ, "ನಿನ್ ಮೂತಿಗೆ ಪೌಡ್ರು, ನನ್ ಮೂತಿಗೆ ಗೋಡು. ಯಾವ್ದ್ರಿಂದ ಸಸಿ ಬೆಳೀತದೆ ಯೋಳ್ಲಾ?" ಅನ್ನುತ್ತಿದ್ದರು.

ಗೋಡು ಅಂದರೆ ಕೆರೆಯ ಹೂಳು. ನಮ್ಮ ಕೆರೆಯೊಳಗೆ ಹತ್ತಾರು ಗೊಬ್ಬಳಿ ಮರಗಳಿದ್ದವು. ಪ್ರತಿ ವರ್ಷ ಅವುಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತಿದ್ದವು. ಹಿಕ್ಕೆ ಬಿದ್ದು ಬಿದ್ದು ಕೆಳಗಿನ ಹೂಳು ಒಳ್ಳೇ ಗೊಬ್ಬರವಾಗಿತ್ತು. ಆದರೆ ಮರಿಗಳು ಹಾರಿಹೋಗುವ ತನಕ ದೇವೀರಕ್ಕ ಕೆರೆಗೆ ಕಾಲಿಡುತ್ತಿರಲಿಲ್ಲ. ಆಮೇಲೆ ಬುಡದಿಂದ ದೂರ, ಒಂದು ಮರಕ್ಕೆ ಒಂದೇ ಮಂಕರಿ ತುಂಬಿ ತಂದು, ಮನೆ ಹಿಂದೆ ಗುಡ್ಡೆ ಹಾಕಿ, ಮುಂದಿನ ವರ್ಷದ ಮಡಿಗೆ ಬಳಸುತ್ತಿದ್ದರು.

"ಈಗ್ಲೇ ತಕ್ಕಂಡ್ರೆ ಏನಕ್ಕಾ?" ಅಂತ ಕೇಳಿದ್ದೆ.

"ಥೂ, ಬಾಣಂತಿ ಕ್ವಾಣೆಗೆ ಗಂಡಸ್ರು ನುಗ್ತಾರೇನ್ಲಾ? ತಡಿ. ಮಣ್ಣು ಎಲ್ಲೂ ಓಡೋಗಾಕಿಲ್ಲ."

ಇದೆಲ್ಲವನ್ನೂ ಮೊಬೈಲಲ್ಲಿ ವಿಡಿಯೋ ಮಾಡಿದೆ. ಉದ್ದವಾದರೆ ಜನ ನೋಡಲ್ಲ ಅಂತ ಬಾಣಂತಿಯ ಮಾತು, ಒಂದು ಮಂಕರಿಯ ಮಾತು ಎರಡನ್ನೂ ಕತ್ತರಿಸಿದೆ. "ಕೊಕ್ಕರೆ ಗೋಡು ಹಾಕ್ ನೋಡ್ರಿ, ಸಸಿ ಎಂಗೆ ಏಳ್ತದೆ" ಅನ್ನುವುದನ್ನು ಮಾತ್ರ ಉಳಿಸಿದೆ. ಕೆರೆಯ ಹೆಸರನ್ನೂ ಹಾಕಿದೆ. ನಾನು ಹಾಕಿದ್ದರಲ್ಲೆಲ್ಲ ಹೆಚ್ಚು ಓಡಿದ್ದು ಅದೇ.

ಬೇಸಿಗೆಯಲ್ಲಿ ನೀರು ಇಂಗುತ್ತಲೇ ಟ್ರ್ಯಾಕ್ಟರುಗಳು ಕೆರೆಗೆ ಇಳಿದವು. ಗೂಡುಗಳಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿಗಳಿದ್ದವು. ದೇವೀರಕ್ಕ ಕೈಚಾಚಿ ಅಡ್ಡ ನಿಂತರು. ಕಂಪಲಾಪುರದ ಕಡೆಯವನೊಬ್ಬ ಟ್ರ್ಯಾಕ್ಟರಿನಿಂದ ಇಳಿದು, ನಗುತ್ತಲೇ ಮೊಬೈಲು ತೋರಿಸಿದ.

"ನೋಡಕ್ಕಾ, ನೀವೇ ಯೋಳಿದ್ದೀರಲ್ಲ. ಈಗ ಅಡ್ಡ ನಿಂತ್ರೆ ಎಂಗೆ?"

ದೇವೀರಕ್ಕ ತಮ್ಮದೇ ದನಿಯನ್ನು ಪೂರ್ತಿ ಕೇಳಿದರು. "ತಡೀರಿ ಅಂತಾನೂ ಯೋಳಿದ್ನಲ್ಲಪ್ಪ. ಅದೆಲ್ಲೋಯ್ತು?" ಅಂತ ನನ್ನ ಕಡೆ ತಿರುಗಿದರು.

ನಾಲ್ಕೇ ದಿನ. ಬೇರು ಕಾಣುವವರೆಗೂ ಬಗೆದರು. ಮೊದಲ ಮಳೆಗಾಳಿಗೆ ಮರಗಳು ಗೂಡುಗಳ ಸಮೇತ ಮಲಗಿದವು. ದೇವೀರಕ್ಕ ಬದುಕಿದ್ದ ಮರಿಗಳನ್ನು ಮಂಕರಿಯಲ್ಲಿ ಮನೆಗೆ ತಂದು, ಸಣ್ಣ ಮೀನು ಹಿಸುಕಿ ಬಾಯಿಗಿಟ್ಟರು. ಒಂದೂ ಉಳಿಯಲಿಲ್ಲ. ದೊಡ್ಡ ಕೊಕ್ಕರೆಗಳು ಎರಡು ದಿನ ಕೆರೆ ಮೇಲೆ ಸುತ್ತಿ ಹೊರಟುಹೋದವು. ಮತ್ತೆ ಬರಲಿಲ್ಲ. ದೇವೀರಕ್ಕ ಮಡಿ ಮಾಡುವುದನ್ನೂ ಬಿಟ್ಟರು.

ಕೊನೆ ಸಲ ನೋಡಲು ಹೋದಾಗ ಜಗಲಿ ಮೇಲೆ ಕೂತಿದ್ದರು. ಕತ್ತರಿಸಿದ್ದು ನಾನೇ ಅಂತ ಒಪ್ಪಿಕೊಂಡೆ.

"ಗೊತ್ತು ಬುಡು. ಆ ವಿಡಿಯೋ ಅಳ್ಸಿದ್ಯಾ?"

"ಅವತ್ತೇ ಅಳಿಸಿದೆ ಅಕ್ಕಾ."

"ಅಂಪಾಪುರದ ತಾವ್ಲೂ ಯಾವ್ದೋ ಕೆರೆ ಬಗೀತಾವ್ರಂತೆ, ನನ್ ಮಾತ್ ಕೇಳ್ಕಂಡು. ಅವ್ರಿಗಾದ್ರೂ ತಡೀರಿ ಅಂತ ಯೋಳ್ಲಾ."

ಹೇಳಿದೆ. ಇನ್ನೊಂದು ವಿಡಿಯೋ ಮಾಡಿ, ಏನನ್ನೂ ಕತ್ತರಿಸದೆ ಪೂರ್ತಿ ಹೇಳಿದೆ. ಅದನ್ನು ಯಾರೂ ನೋಡಲಿಲ್ಲ.

ಹೋದ ತಿಂಗಳು ದೇವೀರಕ್ಕ ತೀರಿಕೊಂಡರು. ಅವರ ತಿಥಿಯ ಊಟಕ್ಕೆ ಕೂತಿದ್ದಾಗ, ಯಾವುದೋ ಗ್ರೂಪಿನಿಂದ ನನ್ನ ಮೊಬೈಲಿಗೆ ಅದೇ ಹಳೇ ತುಣುಕು ಬಂತು. ಅದರಲ್ಲಿ ದೇವೀರಕ್ಕ "ಹಾಕ್ ನೋಡ್ರಿ" ಅನ್ನುತ್ತಿದ್ದರು.

ನಿಮ್ಮ ಕೈಯಿಂದಲೂ ಇಂಥದ್ದು ನಡೆದಿದ್ದರೆ ಕೆಳಗೆ ಬರೆಯಿರಿ. ಆದರೆ ನಿಮ್ಮ ಕಡೆ ಇನ್ನೂ ಕೊಕ್ಕರೆ ಬರುವ ಕೆರೆ ಇದ್ದರೆ, ದಯವಿಟ್ಟು ಅದರ ಹೆಸರು ಮಾತ್ರ ಬರೆಯಬೇಡಿ.