ಹಾವಿಗೊಂದು ದೊಡ್ಡ ಮನೆ

ಕೊಲ್ಲಿ ದೇಶದ ಬೌಷರ್ ಊರಿನ ಪ್ರಾಣಿ ಚಿಕಿತ್ಸಾಲಯವೊಂದರಲ್ಲಿ ನಾನು ಒಂಬತ್ತು ವರ್ಷದಿಂದ ರಿಸೆಪ್ಶನಿಸ್ಟ್. ಹೆಸರು ಜೊವಿಟಾ, ಊರು ಶಿರ್ವ. ಹಟಮಾರಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ಚನ್ನಪ್ಪನವರಷ್ಟು ಪ್ರೀತಿಯಿಂದ ಹಟ ಮಾಡಿದವರನ್ನು ಕಂಡಿಲ್ಲ.

ಅವರು ಬಾಗಲಕೋಟೆ ಕಡೆಯವರು, ಏಸಿ ಮೆಕ್ಯಾನಿಕ್. ಹನ್ನೊಂದು ವರ್ಷ ಕಂಪನಿಯ ಕ್ಯಾಂಪಿನಲ್ಲಿ, ಒಂದೇ ಕೋಣೆಯಲ್ಲಿ ಎಂಟು ಜನರ ನಡುವೆ, ಮಂಚದ ಸುತ್ತ ಲುಂಗಿಯ ಮರೆ ಕಟ್ಟಿಕೊಂಡು ಮಲಗಿದವರು. ಹೋದ ವರ್ಷ ಅಲ್ ಮವಾಲೇಹ್‌ನಲ್ಲಿ ತಮಗೊಬ್ಬರಿಗೇ ಒಂದು ಬಾಡಿಗೆ ಮನೆ ಹಿಡಿದರು. ಅದೇ ತಿಂಗಳು ದೇಶ ಬಿಟ್ಟು ಹೊರಟ ಸೂಪರ್‌ವೈಸರ್, ತಾನು ಸಾಕಿದ್ದ ಹೆಬ್ಬಾವಿನ ಮರಿಯನ್ನು ಇವರ ಕೈಗಿತ್ತ. ಅದು ಇದ್ದದ್ದು ಚಪ್ಪಲಿ ಡಬ್ಬಿಯಷ್ಟು ಸಣ್ಣ ಪೆಟ್ಟಿಗೆಯಲ್ಲಿ. ಚನ್ನಪ್ಪನವರಿಗೆ ಅದನ್ನು ನೋಡಲಾಗಲಿಲ್ಲ. ಆ ವಾರವೇ ಮಂಚದಷ್ಟು ಉದ್ದದ ಗಾಜಿನ ಮನೆ ಮಾಡಿಸಿದರು. ಒಳಗೆ ಮರಳು, ಮೇಲೆ ಲೈಟು, ನಡುವೆ ಒಂದೇ ಒಂದು ಅಡ್ಡಿಯಿಲ್ಲ.

ಹಾವು ಇಲಿ ಮುಟ್ಟಲಿಲ್ಲ. ಮೂಲೆಗೆ ಮೂತಿ ಒತ್ತಿಕೊಂಡೇ ಇತ್ತು. ಎರಡು ತಿಂಗಳು ಕಾದು ನಮ್ಮಲ್ಲಿಗೆ ತಂದರು. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನೇ ಬಿಡಿಸಿ ಹೇಳಿದೆ.

“ಬಯಲಲ್ಲಿ ಅದಕ್ಕೆ ಹೆದರಿಕೆ ಮಾರಾಯ್ರೆ. ಮೈಗೆ ತಾಗುವ ಹಾಗೆ ಒಂದು ಕತ್ತಲೆಯ ಗೂಡು ಬೇಕು. ಇಲ್ಲದಿದ್ರೆ ಅದು ತಿನ್ನುವುದೇ ಇಲ್ಲ.”

“ಎಂಟು ಮಂದಿ ನಡುವ ಬಿದ್ದು ಬಂದಾಂವ ಅದೀನ್ರೀ ನಾ. ಇದನ್ನೂ ಹಂಗ ತುರುಕಲೇನು? ಆಗೂದಿಲ್ರೀ ಅಕ್ಕಾರ.”

ಹೋಗಿ ಏನು ಮಾಡಿದರು ಗೊತ್ತೇ? ಗಾಜಿನ ಮನೆಯನ್ನು ಇನ್ನೂ ಎರಡು ಅಡಿ ಉದ್ದ ಮಾಡಿಸಿದರು! ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆರನೆಯ ತಿಂಗಳು ಮತ್ತೆ ಬಂದರು. ಹಾವಿನ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಡಾಕ್ಟರ್ ಪರೀಕ್ಷಿಸಿ, ಹೆಚ್ಚೆಂದರೆ ಎರಡು ದಿನ ಎಂದು ನನಗೆ ಮೆಲ್ಲಗೆ ಹೇಳಿ ಒಳಗೆ ಹೋದರು. ಅದನ್ನು ಇವರಿಗೆ ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಹಾವು ನಿಧಾನವಾಗಿ ಚನ್ನಪ್ಪನವರ ಅಂಗಿಯ ತೋಳಿನೊಳಗೆ ತೂರಿತು. ಕಂಕುಳ ತನಕ ಹೋಗಿ, ಸುತ್ತಿಕೊಂಡು, ಸುಮ್ಮನಾಯಿತು.

ಅವರು ಕೈ ಅಲುಗಿಸಲಿಲ್ಲ. ತೋಳಿನ ಕಡೆ ನೋಡುತ್ತಲೇ ಕೇಳಿದರು. “ಇಷ್ಟ ಸಾಕಿತ್ತೇನ್ರೀ ಇದಕ್ಕ?”

“ಹೌದು. ಇಷ್ಟೇ.”

“ಇನ್ನ ಉಳೀತೈತೇನ್ರೀ?”

“ಇಲ್ಲ,” ಎಂದೆ.

ಚಿಕಿತ್ಸಾಲಯ ಮುಚ್ಚುವ ತನಕ ಅವರು ಆ ಕುರ್ಚಿಯಲ್ಲೇ, ತೋಳನ್ನು ಮೈಗೆ ಒತ್ತಿ ಹಿಡಿದು ಕೂತಿದ್ದರು.